ಹಾಲಿಲ್ಲದ ತಪಸ್ಸುಕಾಲ

ವಿಭೂತಿ ಬುಧವಾರದಂದು ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡು ಲಿಫ್ಟ್ ಹತ್ತಿದರೆ ಪುಣೆಯ ನಮ್ಮ ಸೊಸೈಟಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಇದು ನಿಮ್ಮ ರಂಜಾನಾ ಎಂದು. ಹೌದು, ಹಾಗೇ ಅಂದುಕೊಳ್ಳಿ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತ ಅನ್ನುತ್ತೇನೆ. ಕ್ಯಾಲೆಂಡರ್ ಹಿಡಿದು ಎಣಿಸುವವರಿಗೆ 46 ದಿನ ಸಿಗುತ್ತವೆ. ನಡುವೆ ಬರುವ ಆರು ಭಾನುವಾರಗಳು ಉಪವಾಸದ ಲೆಕ್ಕಕ್ಕಿಲ್ಲ. ಭಾನುವಾರ ಎಂದರೆ ಪುನರುತ್ಥಾನದ ದಿನ, ಆ ದಿನ ಉಪವಾಸವಿಲ್ಲ. ಮುಂದಿನ ಪ್ರಶ್ನೆ, "ಹಾಗಾದರೆ ಏನೇನು ತಿನ್ನಬಾರದು?" ಇಲ್ಲಿ ಉತ್ತರ ಸ್ವಲ್ಪ ಸಪ್ಪೆ. ಕಥೋಲಿಕರಿಗೆ ಇಂದು ಇರುವ ಕಟ್ಟುನಿಟ್ಟಿನ ನಿಯಮ ಬಹಳ ಕಡಿಮೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಅಂದರೆ ಒಂದೇ ಹೊತ್ತು ಹೊಟ್ಟೆ ತುಂಬ ಊಟ. ಈ ಎರಡು ದಿನವೂ ತಪಸ್ಸುಕಾಲದ ಶುಕ್ರವಾರಗಳಲ್ಲೂ ಮಾಂಸವಿಲ್ಲ. ಉಪವಾಸ 18 ತುಂಬಿದವರಿಂದ 59ರವರೆಗಿನವರಿಗೆ, ಮಾಂಸದ ನಿಯಮ 14 ತುಂಬಿದವರಿಗೆ. ಮೀನು, ಮೊಟ್ಟೆ, ಹಾಲು, ತುಪ್ಪ ಯಾವುದಕ್ಕೂ ಅಡ್ಡಿಯಿಲ್ಲ. ಉಳಿದದ್ದೆಲ್ಲ ಅವರವರ ಮನಸ್ಸಿಗೆ ಬಿಟ್ಟದ್ದು.

ಹಿಂದೆ ಹೀಗಿರಲಿಲ್ಲ. ಯುರೋಪಿನಲ್ಲಿ ಮಧ್ಯಯುಗದ ಕ್ರೈಸ್ತರು ಈ ನಲವತ್ತು ದಿನ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆ, ಚೀಸ್ ಎಲ್ಲವನ್ನೂ ಬಿಡಬೇಕಿತ್ತು. ವ್ರತ ಶುರುವಾಗುವ ಹಿಂದಿನ ದಿನ ಮನೆಯಲ್ಲಿದ್ದ ಮೊಟ್ಟೆ, ಹಾಲು ಖಾಲಿ ಮಾಡಲು ಇಂಗ್ಲೆಂಡಿನಲ್ಲಿ ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ಕೋಳಿಗೆ ವ್ರತ ಗೊತ್ತಿಲ್ಲವಲ್ಲ, ಅದು ಮೊಟ್ಟೆ ಇಡುತ್ತಲೇ ಇರುತ್ತದೆ. ಹಾಗೆ ರಾಶಿ ಬಿದ್ದ ಮೊಟ್ಟೆಗಳು ಈಸ್ಟರ್ ದಿನ ಹಬ್ಬದ ತಿನಿಸಾದವು. ಬೆಣ್ಣೆ ಬಿಡಲಾಗದವರು ಚರ್ಚಿಗೆ ಹಣ ಕೊಟ್ಟು ಅನುಮತಿ ಪಡೆಯುವ ದಾರಿಯೂ ಇತ್ತು. ಫ್ರಾನ್ಸಿನ ರೂಆನ್ ನಗರದ ಪ್ರಧಾನಾಲಯದಲ್ಲಿ 15ನೇ ಶತಮಾನದ ಕೊನೆಗೆ ಕಟ್ಟಲು ಶುರು ಮಾಡಿದ ಒಂದು ಗೋಪುರವನ್ನು ಈಗಲೂ 'ಬೆಣ್ಣೆ ಗೋಪುರ' ಎಂದೇ ಕರೆಯುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹಳೆಯ ನಿಯಮ ಇನ್ನೂ ಜೀವಂತವಾಗಿದೆ. ಇಥಿಯೋಪಿಯದಲ್ಲಿ ಈ ಕಾಲದಲ್ಲಷ್ಟೇ ಅಲ್ಲ, ವರ್ಷದ ಬಹುಪಾಲು ಬುಧವಾರ, ಶುಕ್ರವಾರಗಳಲ್ಲೂ ಹಾಲು, ಮೊಟ್ಟೆ ಮುಟ್ಟದ ಊಟ. ನಮ್ಮ ಪಕ್ಕದ ಕೇರಳದ ಸಿರಿಯನ್ ಕ್ರೈಸ್ತರದ್ದು ಐವತ್ತು ದಿನದ ನೋಯಂಬು. ನನ್ನ ಜೊತೆ ಕೆಲಸ ಮಾಡುವ ಕೊಟ್ಟಾಯಂ ಕಡೆಯವರೊಬ್ಬರು ಆ ಐವತ್ತು ದಿನ ಚಹಾ ಕೂಡ ಕರಿಯದನ್ನೇ ಕುಡಿಯುತ್ತಾರೆ. ಅದನ್ನು ಅವರು ವೀಗನ್ ಅಂತ ಕರೆದದ್ದನ್ನು ನಾನು ಕೇಳಿಲ್ಲ. ಆ ಪದ ಹುಟ್ಟಿದ್ದೇ 1944ರಲ್ಲಿ, ಇಂಗ್ಲೆಂಡಿನಲ್ಲಿ.

ನಮ್ಮ ಕಡೆಯ ಕನ್ನಡ ಕಥೋಲಿಕ ಮನೆಗಳಲ್ಲಿ ಬಾಯಿಪಾಠವಾಗಿ ಬಂದ ನಿಯಮವೇ ಬೇರೆ. ನಾನು ಕನಕಪುರ ಸೀಮೆಯವಳು. ನಮ್ಮವ್ವ ವಿಭೂತಿ ಬುಧವಾರ ಬಾಡಿನ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಹಾಕಿದರೆ ಅದು ಕೆಳಗಿಳಿಯುತ್ತಿದ್ದದ್ದು ಈಸ್ಟರ್‌ಗೇ. ಶುಕ್ರವಾರ ಒಪ್ಪೊತ್ತು, ಸಂಜೆ ಶಿಲುಬೆ ಹಾದಿ. ಆದರೆ ಹಾಲು, ಮಜ್ಜಿಗೆ ಬಿಡುವುದು ಎಂಬ ಯೋಚನೆಯೇ ಅಲ್ಲಿರಲಿಲ್ಲ. ಹಾಲು ಕುಡಿಯಲು ಸಿಗುತ್ತಿದ್ದದ್ದೇ ಅಷ್ಟಕ್ಕಷ್ಟೆ. ಕರೆದದ್ದೆಲ್ಲ ಡೈರಿಗೆ ಹೋಗುತ್ತಿತ್ತು.

2025ರಲ್ಲಿ ನಮ್ಮ ಮನೆಯಲ್ಲಿ ಹಾಲಿನ ಮಾತು ತೆಗೆದವಳು ಮಗಳು. ಡಿಗ್ರಿ ಎರಡನೇ ವರ್ಷ, ವಯಸ್ಸು 19. ಆ ವರ್ಷ ವಿಭೂತಿ ಬುಧವಾರ ಮಾರ್ಚ್ 5ಕ್ಕೆ ಬಂದಿತ್ತು, ಈಸ್ಟರ್ ಏಪ್ರಿಲ್ 20ಕ್ಕೆ. "ಈ ಸಲ ಬರೀ ಮಾಂಸ ಬಿಡೋದು ಬೇಡಮ್ಮ, ಹಾಲು, ಮೊಸರು, ಮೊಟ್ಟೆ, ಜೇನು ಎಲ್ಲ ಬಿಡೋಣ. ಮೂವರೂ," ಎಂದಳು. ನಮ್ಮ ಯಜಮಾನರು ಒಂದೇ ಮಾತು ಕೇಳಿದರು, "ಕಾಫಿಗೆ?"

ನನಗಿದ್ದ ಪ್ರಶ್ನೆ ಬೇರೆ. ಗರಿಗಳ ಭಾನುವಾರಕ್ಕೆ ಅವ್ವ ಊರಿಂದ ಬರುವವಳಿದ್ದಳು, ಈಸ್ಟರ್‌ಗೆ ಬೆಂಗಳೂರಿನಿಂದ ತಮ್ಮನ ಸಂಸಾರ, ಮುಂಬೈಯಿಂದ ಯಜಮಾನರ ಅಕ್ಕ, ಭಾವ. ಅವ್ವನಿಗೆ 71. ಈಗಲೂ ಎರಡು ಸೀಮೆ ಹಸು ಸಾಕಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ನಾನು ನರ್ಸಿಂಗ್ ಓದಿದ್ದು, ತಮ್ಮ ಡಿಪ್ಲೊಮಾ ಮಾಡಿದ್ದು ಆ ಕೊಟ್ಟಿಗೆಯ ಹಾಲಿನ ದುಡ್ಡಿನಲ್ಲಿ. ಅವಳ ಮೊಮ್ಮಗಳು ಹಾಲು ಕುಡಿಯುವುದು ಪಾಪ ಎನ್ನುವುದನ್ನು ಅವಳ ಎದುರು ಹೇಗೆ ಹೇಳುವುದು?

ಕಾಫಿಯಿಂದ ಶುರು

ಮೊದಲು ಅಡುಗೆಮನೆಯ ವಿಷಯ. ವೀಗನ್ ಎಂದ ಕೂಡಲೇ ಜನ ಟೋಫು, ಬಾದಾಮಿ ಹಾಲು, ಸಾವಿರಗಟ್ಟಲೆ ಬಿಲ್ಲು ಎಂದುಕೊಳ್ಳುತ್ತಾರೆ. ನಮ್ಮ ಹಳೇ ಮೈಸೂರಿನ ದಿನದಿನದ ಅಡುಗೆ ನೋಡಿ. ರಾಗಿ ಮುದ್ದೆ, ಉಪ್ಪುಸಾರು ಖಾರ, ಬಸ್ಸಾರು, ಮಸೊಪ್ಪು, ಹುರುಳಿಕಾಳಿನ ಸಾರು, ಮೊಳಕೆ ಹೆಸರುಕಾಳು, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇದರಲ್ಲಿ ಹಾಲಿನದು ಎಲ್ಲಿದೆ? ನಮ್ಮ ಸೊಸೈಟಿಯಲ್ಲಿರುವ ವಿಜಯಪುರದ ಮನೆಯವರ ತಟ್ಟೆಯೂ ಹಾಗೇ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ತುಪ್ಪ ಮೇಲಿನಿಂದ ಬೀಳುತ್ತದೆ, ಮೊಸರು ಕೊನೆಗೆ ಬರುತ್ತದೆ. ಎರಡನ್ನೂ ತೆಗೆದರೆ ಅಡುಗೆ ಹಾಗೆಯೇ ನಿಲ್ಲುತ್ತದೆ. ನಾನು ಆ ಆರು ವಾರ ಹೊಸ ಅಡುಗೆ ಕಲಿತದ್ದು ಬಹಳ ಕಡಿಮೆ. ಪನೀರ್ ಬಂದ ಮೇಲೆ ನಮ್ಮ ಮನೆಯಲ್ಲಿ ಮೂಲೆಗೆ ಹೋಗಿದ್ದ ಹುರುಳಿಕಾಳು, ಅಲಸಂದೆ ವಾರಕ್ಕೆ ಎರಡು ಸಲ ಒಲೆ ಹತ್ತಿದವು.

ತೊಂದರೆ ಇದ್ದದ್ದು ಕಾಫಿ ಮತ್ತು ಮೊಸರನ್ನದಲ್ಲಿ.

ಕಾಫಿಯದು ದೊಡ್ಡ ಕಥೆ. ಸೋಯಾ ಹಾಲು ಬಿಸಿ ಡಿಕಾಕ್ಷನ್‌ಗೆ ಬಿದ್ದ ಕೂಡಲೇ ಒಡೆಯುತ್ತದೆ, ಕಾಫಿಯಲ್ಲಿರುವ ಹುಳಿ ಮತ್ತು ಬಿಸಿ ಎರಡೂ ಸೇರಿ ಮಾಡುವ ಕೆಲಸ ಅದು. ಮೊದಲು ಲೋಟಕ್ಕೆ ಬೆಚ್ಚಗಿನ ಸೋಯಾ ಹಾಲು ಹಾಕಿ, ಸ್ವಲ್ಪ ಆರಿದ ಡಿಕಾಕ್ಷನ್ ಅನ್ನು ನಿಧಾನವಾಗಿ ಬೆರೆಸಿದರೆ ಒಡೆಯುವುದು ಕಡಿಮೆ. ಆದರೆ ಬೆಳಿಗ್ಗೆ ಆರೂವರೆಗೆ ಡ್ಯೂಟಿಗೆ ಓಡುವವಳಿಗೆ ಇಷ್ಟು ಪ್ರಯೋಗಶಾಲೆ ಸಾಧ್ಯವಿಲ್ಲ. ತೆಂಗಿನ ಹಾಲಿನ ಕಾಫಿ ಪಾಯಸದ ತಂಗಿಯ ಹಾಗಿರುತ್ತದೆ. ಓಟ್ಸ್ ಹಾಲು ಚೆನ್ನಾಗಿ ಬೆರೆಯಿತು, ರುಚಿಯೂ ಪರವಾಗಿಲ್ಲ, ಆದರೆ ಡಬ್ಬಿಯ ಬೆಲೆ ಹಸುವಿನ ಹಾಲಿನ ನಾಲ್ಕೈದು ಪಟ್ಟು. ಎರಡನೇ ವಾರದ ಕೊನೆಗೆ ಯಜಮಾನರು ಚೀಟಿ ಹಿಡಿದು ಕೂತರು. ಮಾಂಸ ಬಿಟ್ಟು ಉಳಿದ ದುಡ್ಡನ್ನು ತಪಸ್ಸುಕಾಲದ ಡಬ್ಬಿಗೆ ಹಾಕಿ ಕೊನೆಗೆ ದಾನಕ್ಕೆ ಕೊಡುವುದು ನಮ್ಮ ಪದ್ಧತಿ. ಉಪವಾಸದಲ್ಲಿ ಉಳಿದದ್ದು ಹಸಿದವನಿಗೆ ಸೇರಬೇಕು. ವಿಭೂತಿ ಬುಧವಾರದ ನಂತರದ ಶುಕ್ರವಾರ ಚರ್ಚಿನಲ್ಲಿ ಓದುವ ಯೆಶಾಯನ ಗ್ರಂಥದ 58ನೇ ಅಧ್ಯಾಯ ಹೇಳುವುದೇ ಅದನ್ನು. ಲೆಕ್ಕ ಹಾಕಿದರೆ, ಕುರಿಮಾಂಸ ಉಳಿಸಿದ್ದನ್ನು ಓಟ್ಸ್ ಹಾಲು ಕುಡಿದು ಹಾಕಿತ್ತು. ಮಗಳಿಗೂ ಅದು ಸರಿ ಕಾಣಲಿಲ್ಲ. ಅಂದಿನಿಂದ ಬೆಲ್ಲದ ಕಾಫಿ. ಡಿಕಾಕ್ಷನ್‌ಗೆ ಕುದಿ ನೀರು, ಬೆಲ್ಲ, ಇಷ್ಟೇ. ಮಲೆನಾಡಿನವರು ತಲೆತಲಾಂತರದಿಂದ ಕುಡಿದಿರುವ ಕಾಫಿ. ಸಂಜೆಗೆ ಕೊತ್ತಂಬರಿ, ಜೀರಿಗೆಯ ಕಷಾಯ. ಯಜಮಾನರು ಮೂರು ದಿನ ಮುಖ ಸಿಂಡರಿಸಿಕೊಂಡು, ನಾಲ್ಕನೆಯ ದಿನ ಎರಡನೇ ಲೋಟ ಕೇಳಿದರು.

ಮೊಸರಿಗೆ ಶೇಂಗಾ ಆಯಿತು. ಒಂದು ಲೋಟ ಹಸಿ ಶೇಂಗಾ ರಾತ್ರಿ ನೆನೆಸಿ, ಬೆಳಿಗ್ಗೆ ಸಿಪ್ಪೆ ತೆಗೆದು, ಸುಮಾರು ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಬೇಕು. ಸಣ್ಣ ಉರಿಯಲ್ಲಿ ಕೈಯಾಡುತ್ತಾ ಕಾಯಿಸಿ, ಉಗುರು ಬೆಚ್ಚಗಾದಾಗ ಐದಾರು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಡಬೇಕು. ತೊಟ್ಟಿನಲ್ಲಿರುವ ಸೂಕ್ಷ್ಮಜೀವಿಗಳೇ ಹೆಪ್ಪು. ಮೊದಲ ಸಲ ನೀರು ನೀರಾಗಿರುತ್ತದೆ, ಅದನ್ನೇ ಹೆಪ್ಪಾಗಿ ಬಳಸಿ ಎರಡನೇ ಸಲ ಮಾಡಿದರೆ ಗಟ್ಟಿ ಬರುತ್ತದೆ. ಹಾಗೆಯೇ ತಿಂದರೆ ಶೇಂಗಾದ ವಾಸನೆ ಹೋಗುವುದಿಲ್ಲ. ಸಾಸಿವೆ, ಕರಿಬೇವು, ಇಂಗು, ಒಣಮೆಣಸಿನಕಾಯಿಯ ಜೋರು ಒಗ್ಗರಣೆ ಕೊಟ್ಟು ಅನ್ನ ಕಲಸಿದರೆ ಮೊಸರನ್ನಕ್ಕೆ ಮೋಸವಿಲ್ಲ. ಸೋಸಿ ಉಳಿದ ಚರಟವನ್ನು ಅಕ್ಕಿ ರೊಟ್ಟಿ ಹಿಟ್ಟಿಗೆ ಸೇರಿಸಿದೆ.

ಅಂಗಡಿಯ ತಿನಿಸಿನ ವಿಷಯದಲ್ಲಿ ಹುಷಾರು ಬೇಕು. ನಮ್ಮ ದೇಶದ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಹಾಲು ಇದೆಯೋ ಇಲ್ಲವೋ ಎಂದಲ್ಲ. ಬಿಸ್ಕತ್ತು, ಬ್ರೆಡ್ಡು, ಮಸಾಲೆ ಚಿಪ್ಸ್, ಸೂಪಿನ ಪುಡಿ ಎಲ್ಲದರ ಹಿಂದೆ ಸಣ್ಣ ಅಕ್ಷರದಲ್ಲಿ ಹಾಲಿನ ಪುಡಿ ಕೂತಿರುತ್ತದೆ. ವೀಗನ್ ಆಹಾರಕ್ಕೆ ಬೇರೆ ನಿಯಮ, ಬೇರೆ ಹಸಿರು ಲಾಂಛನ ಬಂದದ್ದು 2022ರಲ್ಲಿ. ಅದು ಹೆಚ್ಚಾಗಿ ಕಾಣುವುದು ದುಬಾರಿ ಪೊಟ್ಟಣಗಳ ಮೇಲೆ. ಪುಣೆಯಲ್ಲಿ ಇರುವವರಿಗೆ ಒಂದು ಅನುಕೂಲ: ಇಲ್ಲಿನವರ ಉಪವಾಸದ ಸಾಬೂದಾಣಿ ಖಿಚಡಿ, ಭಗರ್, ಶೇಂಗಾದ ಆಮಟಿ ಇವನ್ನು ತುಪ್ಪದ ಬದಲು ಎಣ್ಣೆಯಲ್ಲಿ ಮಾಡಿಕೊಂಡರೆ ಮುಗಿಯಿತು.

ನರ್ಸ್ ಆಗಿ ಒಂದು ಮಾತು ಹೇಳಲೇಬೇಕು. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಭರವಸೆಯಿಡುವಷ್ಟು ಸಿಗುವುದಿಲ್ಲ. ನಲವತ್ತು ದಿನಕ್ಕೆ ಏನೂ ಆಗದಿರಬಹುದು, ಲಿವರ್‌ನಲ್ಲಿ ಅದರ ಸಂಗ್ರಹ ಇರುತ್ತದೆ. ಆದರೆ ನಮ್ಮಲ್ಲಿ ಅನೇಕರಿಗೆ ಮೊದಲೇ ಕೊರತೆ ಇರುತ್ತದೆ. ಮಗಳ ರಕ್ತ ಪರೀಕ್ಷೆ ಮಾಡಿಸಿಯೇ ಒಪ್ಪಿದೆ, ವೈದ್ಯರು ಹೇಳಿದ ಮಾತ್ರೆ ಈಗಲೂ ತೆಗೆದುಕೊಳ್ಳುತ್ತಾಳೆ. ಕ್ಯಾಲ್ಸಿಯಂಗೆ ರಾಗಿಯಷ್ಟು ಒಳ್ಳೆಯ ಧಾನ್ಯವಿಲ್ಲ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಆದರೂ ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಮುದ್ದೆಯೊಂದರಿಂದಲೇ ಬರುವುದಿಲ್ಲ, ಎಳ್ಳು, ಸೊಪ್ಪು, ಕಾಳು ಎಲ್ಲ ಬೇಕು. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು ಯಾರದೋ ಹುರುಪಿಗೆ ಇದನ್ನು ಮಾಡಬಾರದು. ಅವ್ವನಿಗೆ ನಾನು ಹಾಲು ನಿಲ್ಲಿಸಲಿಲ್ಲ.

ಪಾಡವೆಯ ಹೋಳಿಗೆ

ಆ ವರ್ಷ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಇಲ್ಲಿ ಅದು ಗುಡಿ ಪಾಡವೆ. ನಮಗದು ತಪಸ್ಸುಕಾಲದ ನಾಲ್ಕನೇ ಭಾನುವಾರ, ವ್ರತದ ನಡುವೆ ಸ್ವಲ್ಪ ಸಂತೋಷಕ್ಕೆಂದೇ ಇರುವ ದಿನ. ಗುರುಗಳು ನೇರಳೆ ಬಿಟ್ಟು ಗುಲಾಬಿ ಬಣ್ಣದ ಉಡುಪು ಹಾಕಬಹುದಾದ ಭಾನುವಾರ. ಪಕ್ಕದ ಮನೆಯ ಕಾಕು ಹನ್ನೆರಡು ವರ್ಷದಿಂದ ಪಾಡವೆಗೆ ನಮಗೆ ಪೂರಣಪೋಳಿ, ಶ್ರೀಖಂಡ ಕಳಿಸುತ್ತಾರೆ, ನಾವು ಕ್ರಿಸ್ಮಸ್‌ಗೆ ಕಲ್ಕಲ್, ಕೇಕ್ ಕಳಿಸುತ್ತೇವೆ. ಆ ದಿನವೂ ತಟ್ಟೆ ಬಂತು. ಪೋಳಿಯ ಮೇಲೆ ತುಪ್ಪ ಹೊಳೆಯುತ್ತಿತ್ತು.

ಯಜಮಾನರ ವಾದ ಸರಳ. "ಭಾನುವಾರ ಲೆಕ್ಕಕ್ಕಿಲ್ಲ. ತಿನ್ನೋಣ." ಮಗಳು ಒಪ್ಪಲಿಲ್ಲ. "ನಿಮಗೆ ಭಾನುವಾರ ರಜ. ಹಸುವಿಗೆ ರಜ ಇಲ್ವಲ್ಲ ಅಪ್ಪ."

ಇಬ್ಬರೂ ಮಾಡುತ್ತಿದ್ದದ್ದು ಒಂದೇ ಊಟ, ಆದರೆ ಒಂದೇ ವಿಷಯವಲ್ಲ ಎಂದು ನನಗೆ ಸ್ಪಷ್ಟವಾದದ್ದು ಆಗ. ತಪಸ್ಸುಕಾಲದಲ್ಲಿ ನಾವು ಬಿಡುವುದು ಒಳ್ಳೆಯದನ್ನು. ಮಾಂಸ ಕೆಟ್ಟದ್ದು ಎಂದಲ್ಲ, ಇಷ್ಟವಾದದ್ದು ಎಂದೇ ಬಿಡುತ್ತೇವೆ, ಹಬ್ಬದ ದಿನ ಮತ್ತೆ ಕೈಗೆತ್ತಿಕೊಳ್ಳುತ್ತೇವೆ. ಕೆಟ್ಟದ್ದನ್ನು ನಲವತ್ತು ದಿನ ಬಿಟ್ಟು ನಲವತ್ತೊಂದನೇ ದಿನ ಹಿಡಿಯುವುದಕ್ಕೆ ಅರ್ಥವಿಲ್ಲವಲ್ಲ. ಮಗಳಿಗೆ ಹಾಲು ಬಿಡುವುದು ತ್ಯಾಗವಲ್ಲ, ಅದು ತಪ್ಪು ಎಂಬ ಕಾರಣಕ್ಕೆ. ತಪ್ಪಿಗೆ ಈಸ್ಟರ್ ದಿನ ಬಿಡುಗಡೆ ಸಿಗುವುದಿಲ್ಲ. ಹಾಗಾಗಿ ಇವಳದು ಏಪ್ರಿಲ್ 20ಕ್ಕೆ ಮುಗಿಯುವುದಿಲ್ಲ ಎಂದು ನನಗೆ ಅಂದೇ ತಿಳಿಯಿತು. ಹಬ್ಬದ ಅಡುಗೆಯ ಯೋಜನೆ ಅಲ್ಲಿಂದ ಬೇರೆಯೇ ಆಯಿತು.

ನಾವಿಬ್ಬರೂ ಪೋಳಿ ತಿಂದೆವು. ಮಗಳು ಸಂಜೆ ತಾನೇ ಕಾಕು ಮನೆಗೆ ಹೋಗಿ ವಿಷಯ ಹೇಳಿ ಬಂದಳು. ಕಾಕು ಬೇಸರ ಮಾಡಿಕೊಳ್ಳಲಿಲ್ಲ. ಒಂದು ಪಾತ್ರೆ ಕಟಾಚಿ ಆಮಟಿ ಹಾಕಿ ಕಳಿಸಿದರು. ಪೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟಿನಿಂದ ಮಾಡಿದ ಸಾರು, ನಮ್ಮ ಒಬ್ಬಟ್ಟಿನ ಸಾರಿನ ಒಡಹುಟ್ಟು. ಕೊಬ್ಬರಿ, ಗೋಡಾ ಮಸಾಲೆ, ಎಣ್ಣೆಯ ಒಗ್ಗರಣೆ. ಅದಕ್ಕೆ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಅವ್ವ ಬಂದಳು

ಗರಿಗಳ ಭಾನುವಾರದ ಹಿಂದಿನ ದಿನ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಅವ್ವ ಇಳಿದಳು. ಚೀಲದಲ್ಲಿ ಹುರುಳಿಕಾಳು, ರಾಗಿ ಹಿಟ್ಟು, ಒಣ ಅವರೆಬೇಳೆ, ಎರಡು ತೆಂಗಿನಕಾಯಿ, ಮತ್ತು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ತುಪ್ಪ. ಬಾಟಲಿಗೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ರಾತ್ರಿಯಿಡೀ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. "ಪಾಪುಗೆ ಮುದ್ದೆ ಮೇಲೆ ಹಾಕು," ಎಂದು ಕೊಟ್ಟಳು. ಪಾಪು ಅಂದರೆ ನಮ್ಮ 19ರ ಮಗಳು.

ಎರಡು ದಿನ ಹೇಗೋ ಕಳೆಯಿತು. ತಪಸ್ಸುಕಾಲ ಅಂತ ಬಿಟ್ಟಿದ್ದಾಳೆ ಎಂದೆ, ಅವ್ವ ತಲೆಯಾಡಿಸಿದಳು. ಮೂರನೆಯ ರಾತ್ರಿ ಅವ್ವ ನಂದಿನಿ ಹಾಲಿನ ಮಾತು ತೆಗೆದಳು. ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿಸಿದ್ದರು, ಅದು ರೈತರಿಗೇ ಸೇರುತ್ತದೆ ಎಂದು ಸರ್ಕಾರ ಹೇಳಿತ್ತು. ಹಿಂಡಿ, ಬೂಸಾದ ಬೆಲೆ ಏರಿದ್ದು ನೋಡಿದರೆ ನಾಲ್ಕು ಯಾವ ಮೂಲೆಗೆ ಎಂದು ಅವ್ವ ಬೈಯುತ್ತಿದ್ದಳು. ಮಗಳು ಬಟಾಣಿ ಬಿಡಿಸುತ್ತಾ ಕೂತಿದ್ದವಳು ಕೇಳಿದಳು.

"ಅಜ್ಜಿ, ಗಂಡು ಕರು ಹುಟ್ಟಿದ್ರೆ ಏನ್ ಮಾಡ್ತೀಯ?"

"ಮಾರ್ತೀನಿ. ಸೀಮೆ ಹಸೀನ ಗಂಡು ಕರು ಉಳಕ್ಕೆ ಬರಲ್ಲ, ಗಾಡಿಗೆ ಬರಲ್ಲ."

"ಯಾರಿಗೆ ಮಾರ್ತೀಯ?"

"ಊರಿಗೆ ಬರ್ತಾರಲ್ಲ ಮಗ, ಅವ್ರಿಗೆ."

"ಅವ್ರು ಏನ್ ಮಾಡ್ತಾರೆ?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೇಳಕ್ಕೋಗಲ್ಲ. ಕೇಳಿದ್ರೆ ಮಾರಕ್ಕಾಗಲ್ಲ," ಎಂದಳು.

ಯಾರೂ ಮಾತಾಡಲಿಲ್ಲ. ಕೊನೆಗೆ ಅವ್ವನೇ, "ನೀನು ಹಾಲು ಬಿಟ್ಟಿರೋದು ಬರೀ ಉಪಾಸಕ್ಕಲ್ಲ ಅಂತ ನಂಗೂ ಗೊತ್ತಾಯ್ತದೆ. ನಿಮ್ಮಮ್ಮ ಓದಿದ್ದು ಅದೇ ಹಾಲಲ್ಲಿ."

"ಗೊತ್ತು ಅಜ್ಜಿ. ನಿನ್ನ ಬಯ್ತಿಲ್ಲ ನಾನು."

"ಬಯ್ಯೋದಾದ್ರೆ ಬಯ್ಯಿ. ಬೆಳಿಗ್ಗೆ ನಾಕ್ ಗಂಟೆಗೆದ್ದು ಒಂದ್ಸಲ ಸಗಣಿ ಬಾಚಿ ಆಮೇಲೆ ಬಯ್ಯಿ."

ಮಗಳು ನಕ್ಕಳು, ಅವ್ವ ನಗಲಿಲ್ಲ. ನನಗೆ ಇಬ್ಬರ ಮಾತಿನಲ್ಲೂ ತಪ್ಪು ಕಾಣಲಿಲ್ಲ. ಇಂಟರ್ನೆಟ್ಟಿನಲ್ಲಿ ಹಾಲಿನ ಬಗ್ಗೆ ವಾದ ಮಾಡುವವರು ದೊಡ್ಡ ಕಾರ್ಖಾನೆಯಂಥ ಡೈರಿಗಳ ಚಿತ್ರ ಹಾಕುತ್ತಾರೆ. ಎರಡು ಹಸು, ಒಂದು ಕೊಟ್ಟಿಗೆ, ಒಬ್ಬ ವಿಧವೆ ಇರುವ ಚಿತ್ರ ಅಲ್ಲಿ ಇರುವುದಿಲ್ಲ. ನಮ್ಮ ಕಡೆಯವರೋ ಹಸುವನ್ನು ಮನೆಯ ಮಗಳು ಎನ್ನುತ್ತಾರೆ, ಕರು ಎಲ್ಲಿಗೆ ಹೋಯಿತು ಎನ್ನುವುದಿಲ್ಲ. ತುಪ್ಪದ ಬಾಟಲಿಯನ್ನು ಅವ್ವ ಮರುದಿನ ತಾನೇ ಎತ್ತಿ ಮೇಲಿನ ಶೆಲ್ಫಿಗಿಟ್ಟಳು.

ಹನ್ನೊಂದು ಜನ, ಒಂದೇ ಅಡುಗೆಮನೆ

ಪವಿತ್ರ ವಾರದ ಊಟ ಕಷ್ಟವೇನಲ್ಲ. ಗುರುವಾರ ಸಂಜೆ ಪಾದ ತೊಳೆಯುವ ಪೂಜೆ ಮುಗಿಸಿ ಬಂದವರಿಗೆ ಮುದ್ದೆ, ಬಸ್ಸಾರು. ಶುಭ ಶುಕ್ರವಾರ ಮೂರು ಗಂಟೆಯ ಆರಾಧನೆಯ ನಂತರ ಗಂಜಿ, ಹುರುಳಿ ಚಟ್ನಿ. ಊರಿನಲ್ಲಿ ಚರ್ಚಿನ ಅಂಗಳದಲ್ಲೇ ದೊಡ್ಡ ಹಂಡೆಯಲ್ಲಿ ಬೇಯುತ್ತಿದ್ದ ಗಂಜಿ ಅದು, ಅಂದಿನಿಂದ ಇಂದಿನವರೆಗೂ ಪೂರ್ತಿ ವೀಗನ್.

ಈಸ್ಟರ್ ಊಟಕ್ಕೆ ಮಾತ್ರ ಲೆಕ್ಕಾಚಾರ ಬೇಕಿತ್ತು. ನಲವತ್ತು ದಿನ ಕಾದ ತಮ್ಮನಿಗೆ ಕುರಿ ಸಾರು ಬೇಕು. ಮಗಳಿಗೆ ಏನೂ ಆಗುವುದಿಲ್ಲ. ಅವ್ವನಿಗೆ ಮೊಸರಿಲ್ಲದೆ ಊಟ ಮುಗಿಯುವುದಿಲ್ಲ. ಯಜಮಾನರ ಅಕ್ಕ ಫೋನಿನಲ್ಲೇ, "ಹಬ್ಬದ ದಿನವೂ ಉಪವಾಸಾನಾ? ಏಸುಸ್ವಾಮಿ ಎದ್ದು ಬಂದ ಮೇಲೂ?" ಎಂದಿದ್ದರು.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವುದು ಎಲ್ಲರಿಗೂ ಹಬ್ಬದ ಊಟ ಮಾಡಿ, ಬಿಟ್ಟವರಿಗೆ ಮೂಲೆಯಲ್ಲಿ ಒಂದು ಬಟ್ಟಲು ಪಲ್ಯ ಇಡುವುದು. ಮದುವೆ ಮನೆಗಳಲ್ಲಿ ಆ ಬಟ್ಟಲಿನ ಅವಸ್ಥೆ ನೋಡಿದ್ದೇನೆ. ನಾನು ಅದನ್ನು ತಿರುವಿ ಹಾಕಿದೆ: ಎಲ್ಲರೂ ತಿನ್ನುವ ಅಡುಗೆಯೆಲ್ಲ ಹಾಲಿಲ್ಲದ್ದು, ಮಾಂಸ, ಮೊಟ್ಟೆ, ಮೊಸರು ಅದರ ಪಕ್ಕಕ್ಕೆ. ತೆಂಗಿನ ಹಾಲಿನ ಅನ್ನ, ಹೆಸರುಬೇಳೆ ಕೋಸಂಬರಿ, ಬೀನ್ಸ್ ಪಲ್ಯ, ಅವರೆಬೇಳೆ ಗೊಜ್ಜು, ಹೆಸರುಬೇಳೆ ಪಾಯಸ. ಮಸಾಲೆ ಒಂದೇ ಸಲ ರುಬ್ಬಿ ಎರಡು ಪಾತ್ರೆಗೆ. ಒಂದರಲ್ಲಿ ಎರಡು ಕಿಲೋ ಕುರಿಮಾಂಸ, ಇನ್ನೊಂದರಲ್ಲಿ ಎಳೆ ಹಲಸಿನಕಾಯಿ. ಏಪ್ರಿಲ್‌ನಲ್ಲಿ ಮಂಡಈಯಲ್ಲಿ ಎಳೆ ಹಲಸು ಸಿಗುತ್ತದೆ, ಫಣಸ ಎಂದು ಕೇಳಬೇಕು. ಹೇಳಿದರೆ ಅವರೇ ಸಿಪ್ಪೆ ತೆಗೆದು ಕೊಡುತ್ತಾರೆ, ಇಲ್ಲದಿದ್ದರೆ ಕೈಗೆ, ಕತ್ತಿಗೆ ಎಣ್ಣೆ ಸವರಿಕೊಂಡು ಕೂರಬೇಕು. ಹೋಳುಗಳನ್ನು ಅರಿಶಿನ, ಉಪ್ಪು ಹಾಕಿ ಮುಕ್ಕಾಲು ಬೇಯಿಸಿ, ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ಆಮೇಲೆ ಮಸಾಲೆಗೆ ಹಾಕುವುದು ಮುಖ್ಯ. ಹುರಿಯದೆ ಹಾಕಿದರೆ ಕಲಸಿಹೋಗುತ್ತದೆ.

ಪಾಯಸದಲ್ಲಿ ಒಂದೇ ಗುಟ್ಟು. ಬೇಳೆ ಹುರಿದು ಎರಡನೇ ತೆಂಗಿನ ಹಾಲಿನಲ್ಲಿ ಬೇಯಿಸಿ, ಬೆಲ್ಲ ಕರಗಿದ ಮೇಲೆ ಒಲೆ ಆರಿಸಿ, ಕೊನೆಗೆ ಮೊದಲ ಗಟ್ಟಿ ಹಾಲು. ಅದು ಸೇರಿದ ಮೇಲೆ ಕುದಿಸಿದರೆ ಒಡೆಯುತ್ತದೆ. ಗೋಡಂಬಿಯನ್ನು ತೆಂಗಿನೆಣ್ಣೆಯಲ್ಲಿ ಹುರಿದರೆ ತುಪ್ಪದ ನೆನಪು ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಬೇರೆಯದೇ ಒಂದು ಒಳ್ಳೆಯ ರುಚಿ.

ಶನಿವಾರ ರಾತ್ರಿಯ ಜಾಗರಣೆ ಪೂಜೆ ಮುಗಿದು, ಪಾಸ್ಖ ಮೇಣದಬತ್ತಿಯ ಬೆಳಕು ನೋಡಿ ಮನೆ ಸೇರುವಾಗ ಒಂದೂವರೆ ಗಂಟೆ. ಮಸಾಲೆ, ತೆಂಗಿನ ಹಾಲು, ನೆನೆಸುವುದು, ಹಲಸು ಬೇಯಿಸುವುದು ಎಲ್ಲ ಶನಿವಾರ ಮಧ್ಯಾಹ್ನವೇ ಮುಗಿದಿರಬೇಕು. ಭಾನುವಾರ ಬೆಳಿಗ್ಗೆ ತಮ್ಮ ಕ್ಯಾಂಪಿನ ಶಿವಾಜಿ ಮಾರ್ಕೆಟ್ಟಿಗೆ ಹೋಗಿ ಮಾಂಸ ತಂದ. ಬರುತ್ತಾ ಅವನ ಮಕ್ಕಳಿಗೆ ಬೇಕರಿಯಿಂದ ಬಣ್ಣದ ಮಾರ್ಜಿಪಾನ್ ಮೊಟ್ಟೆ. ಎರಡು ಪಾತ್ರೆಗೆ ಎರಡು ಸೌಟು, ಹಲಸಿನದಕ್ಕೆ ಕೆಂಪು ದಾರ ಕಟ್ಟಿದ್ದು. ಇಂಥ ಸಣ್ಣ ವಿಷಯ ಮರೆತರೆ ಮಾತು ಬರುತ್ತದೆ.

ಊಟದಲ್ಲಿ ಮಾತು ಬಂತು, ಆದರೆ ಬೇರೆಯದು. ಯಜಮಾನರ ಅಕ್ಕ ಹಲಸಿನಕಾಯಿ ಸಾರನ್ನು ಕುರಿ ಸಾರೆಂದೇ ಬಡಿಸಿಕೊಂಡು ಅರ್ಧ ತಿಂದ ಮೇಲೆ ಮೂಳೆ ಹುಡುಕಿದರು. ಎಲ್ಲರೂ ನಕ್ಕರು. ಕುರಿ ಪಾತ್ರೆಯೂ ಖಾಲಿಯಾಯಿತು, ಹಲಸಿನದೂ ಖಾಲಿಯಾಯಿತು. ಅವ್ವ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು, "ತುಪ್ಪ ಒಂದು ಚಮಚ ಬಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಮರುದಿನ, ಸೋಮವಾರ ಮಧ್ಯಾಹ್ನ, ಉಳಿದ ಅನ್ನ ಬಿಸಿ ಮಾಡುತ್ತಿದ್ದಾಗ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಅವ್ವ ಜಪಮಾಲೆ ಹಿಡಿದು ಕೂತಳು, ಎಲ್ಲರೂ ಕೂತೆವು. 2019ರಲ್ಲಿ ಅಮೆರಿಕದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಹೆಸರಿನಲ್ಲಿ ಒಂದು ಅಭಿಯಾನದವರು, ನೀವು ತಪಸ್ಸುಕಾಲವಿಡೀ ವೀಗನ್ ಆದರೆ ದಾನಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇವೆ ಎಂದು ಅವರಿಗೆ ಬರೆದಿದ್ದರು. ಪೋಪ್ ಕಡೆಯಿಂದ ಉತ್ತರವೂ ಆಶೀರ್ವಾದವೂ ಹೋಯಿತು, ಒಪ್ಪಿಗೆ ಹೋಗಲಿಲ್ಲ. ಮಗಳು ಅದನ್ನು ಅಜ್ಜಿಗೆ ಹೇಳಿದಳು. "ಆ ವಯಸ್ಸಲ್ಲಿ ಹಾಲು ಬಿಡು ಅಂದ್ರೆ ಯಾರ್ ಬಿಡ್ತಾರೆ ಮಗ," ಎಂದಳು ಅವ್ವ.

ನಾನೂ ಯಜಮಾನರೂ ಈಗ ಮೊಸರು ತಿನ್ನುತ್ತೇವೆ. ಬೆಳಗಿನ ಕಾಫಿಗೆ ಹಾಲು ಮತ್ತೆ ಬಂದಿದೆ, ಸಂಜೆಯ ಬೆಲ್ಲದ ಕಾಫಿ ಉಳಿದಿದೆ. ವಾರಕ್ಕೆ ಮೂರು ದಿನವಾದರೂ ಅಡುಗೆ ಎಲ್ಲರಿಗೂ ಒಂದೇ, ಮಗಳಿಗೆ ಬೇರೆ ಮಾಡುವ ಪ್ರಶ್ನೆ ಬರುವುದಿಲ್ಲ. ಜೂನ್ ತಿಂಗಳಲ್ಲಿ ಅವ್ವನ ಕೆಂಪಿ ಕರು ಹಾಕಿತು. ಗಂಡು ಕರು. ಪ್ರತಿ ಸಲ ಊರಿಗೆ ಹೋದವರ ಕೈಯಲ್ಲಿ ಗಿಣ್ಣಿನ ಸುದ್ದಿ ಕಳಿಸುತ್ತಿದ್ದ ಅವ್ವ ಈ ಸಲ ತಾನೇ ಫೋನ್ ಮಾಡಿ ಮೊಮ್ಮಗಳನ್ನು ಕರೆದಳು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಆಮೇಲೆ ನೋಡಿದರೆ ಮಗಳ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಬರೆದಿತ್ತು: ಹುಲ್ಲು, ಹಿಂಡಿ, ಬೂಸಾ, ಡಾಕ್ಟರು, ತಿಂಗಳಿಗೆ ಇಷ್ಟು. ಅದರ ಕೆಳಗೆ ಅವಳು ಟ್ಯೂಷನ್ ಹೇಳಿ ದುಡಿಯುವ ದುಡ್ಡು. ವ್ಯ.ಕ.ದ ಗೆರೆ ಎಳೆದಿದ್ದಳು, ಉತ್ತರ ಇನ್ನೂ ಬರೆದಿರಲಿಲ್ಲ.